ಹಳೇಬೀಡಿನಲ್ಲಿ ಆಡಿದ ಮಾತು

ಹೆಣ ಕೂರಲು ಒಪ್ಪಲಿಲ್ಲ. ಒಬ್ಬ ಮೊಣಕಾಲು ಒತ್ತಿದರೆ ಸೊಂಟ ಮೇಲೇಳುತ್ತಿತ್ತು. ಸೊಂಟ ಹಿಡಿದರೆ ಕತ್ತು ಹಿಂದಕ್ಕೆ ವಾಲುತ್ತಿತ್ತು. ಗಂಗಾಧರಯ್ಯ ಬೆಳಗಿನ ಜಾವ ಯಾವಾಗಲೋ ನಿದ್ದೆಯಲ್ಲೇ ಹೋಗಿದ್ದರು. ಹೆಂಡತಿ ಶಿವಗಂಗಮ್ಮ ಎಬ್ಬಿಸಲು ಹೋದಾಗಲೇ ಮೈ ಸೆಟೆಯತೊಡಗಿತ್ತು. ಅವರ ಮನೆತನದಲ್ಲಿ ಸತ್ತವರನ್ನು ಪದ್ಮಾಸನ ಹಾಕಿ ಕೂರಿಸಿಯೇ ಮಣ್ಣು ಮಾಡಬೇಕು. ಮಗಳು ಹಾಸನದಿಂದ ಬರಲಿ ಎಂದು ಕಾಯುತ್ತಾ ಕೂತವರಿಗೆ ಅದು ಹೊಳೆದದ್ದು ತಡವಾಗಿ. ಈಗ ಹನ್ನೊಂದು ಗಂಟೆ. ಎರಡಕ್ಕೆ ಮಠದ ಸ್ವಾಮಿಗಳು ಬರುವವರಿದ್ದರು. ನಡುಮನೆಯಲ್ಲಿ ನಾಲ್ಕು ಜನ ಬೆವರುತ್ತಿದ್ದರು.

“ಇನ್ನೊಂಚೂರು ಜೋರಾಗಿ ಒತ್ರೋ,” ಎಂದರು ಸತ್ತವರ ತಮ್ಮ ಕುಮಾರಸ್ವಾಮಿ.

“ಲಟಕ್ ಅಂತಿದೆ ಚಿಕ್ಕಪ್ಪಾ.”

“ಅನ್ಲಿ. ಅವನಿಗೇನು ಈಗ ನೋವಾಗುತ್ತಾ?”

“ಮುರೀಬೇಡಿ,” ಎಂದರು ಶಿವಗಂಗಮ್ಮ. ಅಳು ನಿಂತು ಬಹಳ ಹೊತ್ತಾಗಿತ್ತು. ಅವರು ಬಾಗಿಲಾಚೆ ನೋಡಿದರು. ಗೇಟಿನ ಹತ್ತಿರ, ಶಾಮಿಯಾನದ ನೆರಳಿಗೂ ಬರದೆ, ಐವತ್ತೈದು ದಾಟಿದ ಭಾರಿ ಆಳೊಬ್ಬ ಬಿಸಿಲಲ್ಲಿ ನಿಂತಿದ್ದ. ಕಣಕಟ್ಟೆಯ ಕರಿಯಪ್ಪ. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುವವನು. ಈ ಮನೆಯ ಹೊಸ್ತಿಲು ತುಳಿದು ಇಪ್ಪತ್ತೊಂದು ವರ್ಷವಾಗಿತ್ತು. ಇವತ್ತೂ ತುಳಿಯಲು ಬಂದಿರಲಿಲ್ಲ. ಸತ್ತದ್ದು ನಿಜವೇ ಎಂದು ಕಣ್ಣಾರೆ ನೋಡಿಕೊಂಡು ಹೋಗಲು ಬಂದಿದ್ದ.

“ಕರಿಯಪ್ಪಾ, ನಿಂಗೆ ಬರುತ್ತಲ್ಲ. ಬಾ ಒಳಗೆ.”

“ಅತ್ತಿಗೆ, ಇದನ್ನ ನಮ್ಮೋರೇ ಮಾಡ್ಬೇಕು,” ಎಂದರು ಕುಮಾರಸ್ವಾಮಿ. “ಅವನು ಯಾರೋ ಏನೋ...”

“ನಮ್ಮೋರು ಮಾಡಿದ್ದು ನೋಡಿದ್ನಲ್ಲ ಕುಮಾರ. ಸರ್ಕೋ.”

ಕರಿಯಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ. ಹೆಣದ ಮುಖ ನೋಡಲಿಲ್ಲ, ಕಾಲು ನೋಡಿದ. “ಬಿಸಿನೀರು, ಒಂದು ಬಟ್ಟೆ ಕೊಡಿ. ಹರಳೆಣ್ಣೆ ಐತಾ?” ಎಂದು ಕೇಳಿ ಚಾಪೆಯ ಮೇಲೆ ಮಂಡಿಯೂರಿದ. ಬಿಸಿ ಬಟ್ಟೆ ಸುತ್ತಿ, ಎಣ್ಣೆ ಸವರಿ, ಮಂಡಿಯ ಹಿಂದೆ ಹೆಬ್ಬೆರಳಿಟ್ಟು ಸುಮ್ಮನೆ ಕಾದ. ಒತ್ತಿದ್ದು ಕಾಣಲಿಲ್ಲ. ಮಂಡಿ ತಾನಾಗಿ ಅರ್ಧ ಇಂಚು ಇಳಿಯಿತು, ಆಮೇಲೆ ಇನ್ನರ್ಧ. ನೋವಾಗದ ಹಾಗೆ ಮೈ ಹಿಡಿಯುವುದು, ನೋಡುವವರಿಗೆ ನೋವಾದ ಹಾಗೆ ಕಾಣಿಸುವುದು: ಅವನು ಒಂದು ಕಾಲದಲ್ಲಿ ಹೊಟ್ಟೆ ಹೊರೆದದ್ದೇ ಈ ವಿದ್ಯೆಯಿಂದ. ಮುಕ್ಕಾಲು ಗಂಟೆಯಲ್ಲಿ ಗಂಗಾಧರಯ್ಯ ಗೋಡೆಗೆ ಒರಗಿ, ಕಾಲು ಮಡಚಿ, ಸಭ್ಯರಂತೆ ಕೂತರು.

ಮಗಳು ಅರುಣಾ ಕರಿಯಪ್ಪನಿಗೆ ಟವೆಲ್ ತಂದುಕೊಟ್ಟಳು. ಹಾಸನದ ಕಾಲೇಜಿನಲ್ಲಿ ಪಾಠ ಮಾಡುವವಳು.

“ನೀವು ಕುಸ್ತಿ ಕಂಪನೀಲಿ ದೊಡ್ಡಣ್ಣನ ಪಾರ್ಟು ಮಾಡ್ತಿದ್ದ ಕರಿಯಪ್ಪ ಅಲ್ವಾ? ಅಪ್ಪ ನಿಮ್ಮ ವಿಷಯ ಹೇಳ್ತಾನೇ ಇರ್ತಿದ್ರು.”

“ಏನಂತ?”

“ನಿಮ್ಮಂಥ ಆಟಗಾರ ಮತ್ತೆ ಸಿಗಲ್ಲ ಅಂತ. ಆ ಹಳೇಬೀಡಿನ ಅನ್ಯಾಯ ನೋಡಿನೇ ಅಲ್ವಾ ಅವರು ಕಂಪನಿ ಬಿಟ್ಟಿದ್ದು. ನನ್ನ ಸ್ಟೂಡೆಂಟ್ಸಿಗೆ ಈಗ್ಲೂ ಹೇಳ್ತೀನಿ.”

ಕರಿಯಪ್ಪ ಬೆರಳುಗಳ ನಡುವಿನ ಎಣ್ಣೆಯನ್ನು ಒಂದೊಂದಾಗಿ ಒರೆಸಿಕೊಂಡ. “ಹೇಳ್ಕಳ್ಳಿ,” ಎಂದ.

*

ಅರಸೀಕೆರೆಯ ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಹೊಂಗೆ ಮರದಡಿ ಮೇಜು ಹಾಕಿ ಕ್ರಯಪತ್ರ, ಪಾಲುಪತ್ರ ಬರೆಯುವುದು ಗಂಗಾಧರಯ್ಯನವರ ಕಸುಬು. ಓದು ಬರಹ ಬಾರದವರಿಗೆ ಕಾಗದವನ್ನೂ ಬರೆದುಕೊಡುತ್ತಿದ್ದರು. ಅಕ್ಷರ ಮುತ್ತಿನಂತಿತ್ತು, ನಾಲಿಗೆ ಕತ್ತರಿಯಂತಿತ್ತು.

ಎರಡು ಸಾವಿರದ ಇಸವಿಯ ಹೊತ್ತಿಗೆ ಮನೆಮನೆಗೂ ಕೇಬಲ್ ಬಂದು, ಅಮೆರಿಕದ ಕುಸ್ತಿಗೆ ಊರಿಗೆ ಊರೇ ಮರುಳಾಗಿತ್ತು. ಶಾಲೆಯಲ್ಲಿ ಹುಡುಗರು ಬೆಂಚಿನಿಂದ ಬೆಂಚಿಗೆ ಹಾರಿ ಕೈ ಮುರಿದುಕೊಳ್ಳುತ್ತಿದ್ದರು. ಕೇಬಲ್ ನಡೆಸುತ್ತಿದ್ದ ಇಂದ್ರೇಶನಿಗೆ ಇದರಲ್ಲಿ ದಾರಿ ಕಂಡಿತು. ಮುಚ್ಚಿದ ಎಣ್ಣೆಗಿರಣಿಯ ಅಂಗಳದಲ್ಲಿ ಹಗ್ಗ ಬಿಗಿದು, ಗರಡಿಯ ಹತ್ತು ಆಳುಗಳನ್ನು ಕೂಡಿಸಿ, ‘ಗಂಡಭೇರುಂಡ ಕುಸ್ತಿ ಕಂಪನಿ’ ಎಂದು ಬೋರ್ಡು ಹಾಕಿದ. ಮೊದಲ ಶನಿವಾರ ಜನ ಬಂದರು. ಎರಡನೇ ಶನಿವಾರ ಅರ್ಧ ಬಂದರು. ಮೂರನೆಯದಕ್ಕೆ ಬಂದವರಲ್ಲಿ ಗಂಗಾಧರಯ್ಯನೂ ಇದ್ದರು. ಆಟ ಮುಗಿದ ಮೇಲೆ ಇಂದ್ರೇಶನನ್ನು ಕರೆದು ಉಗಿದರು.

“ಯಾಕೆ ಹೊಡ್ಕೋತಿದೀವಿ ಅಂತ ಆ ಇಬ್ಬರಿಗೇ ಗೊತ್ತಿಲ್ವಲ್ಲಯ್ಯ. ಟಿವಿನಲ್ಲಿ ಬರೋರ ಭಾಷೆ ನನಗೆ ತಿಳಿಯಲ್ಲ, ಆದ್ರೆ ಯಾರಿಗೆ ಯಾರ ಮೇಲೆ ಯಾಕೆ ಸಿಟ್ಟು ಅಂತ ಮುಖ ನೋಡಿದ್ರೆ ತಿಳಿಯುತ್ತೆ. ನಿನ್ನೋರು ಕನ್ನಡದೋರು, ಒಂದೂ ತಿಳಿಯಲ್ಲ.”

“ನೀವೇ ಒಂದು ಕಥೆ ಹೇಳಿ ಹಂಗಾದ್ರೆ.”

“ನನ್ನ ಮೇಜಿನ ಮುಂದೆ ದಿನಾ ಅಣ್ಣ ತಮ್ಮಂದಿರು ಬಂದು ನಿಲ್ತಾರೆ. ಯಾವನೂ ಬಂದ ತಕ್ಷಣ ಹೊಡೆಯಲ್ಲ. ಮೊದ್ಲು ಒಬ್ಬ ಕೊಡಿಸಿದ ಕಾಫಿನ ಇನ್ನೊಬ್ಬ ಕುಡಿಯಲ್ಲ. ಅಲ್ಲಿಂದ ಶುರುವಾಗುತ್ತೆ.”

ಹಾಗೇ ಶುರುವಾಯಿತು, ಕಥೆ ಬರೆದದ್ದು ಗಂಗಾಧರಯ್ಯ. ಕರಿಯಪ್ಪ ದೊಡ್ಡಣ್ಣ, ಬೇಲೂರಿನ ರವಿಕುಮಾರ್ ಚಿಕ್ಕಣ್ಣ. ಮೊದಲ ವಾರ ಚಿಕ್ಕಣ್ಣ ಅಖಾಡಕ್ಕೆ ಇಳಿಯುವಾಗ ಅಣ್ಣನ ಕಾಲು ಮುಟ್ಟುವುದನ್ನು ಮರೆತ, ಅಷ್ಟೇ. ಮುಂದಿನ ವಾರ ಅಣ್ಣನ ಮೇಲೆ ಇಬ್ಬರು ಬಿದ್ದಾಗ ತಮ್ಮ ಹಗ್ಗದಾಚೆ ನಿಂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಏಳು ವಾರ ಇಬ್ಬರೂ ಪರಸ್ಪರ ಬೆರಳು ತಾಗಿಸಲಿಲ್ಲ. ಅರಸೀಕೆರೆಯಲ್ಲಿ ನೋಡಿದವರು ಮುಂದೇನು ಎಂದು ಬಸ್ಸು ಹಿಡಿದು ಬೇಲೂರಿಗೆ ಹೋದರು. ಬೇಲೂರಿನ ಸಂತೆ ಮೈದಾನದಲ್ಲಿ ಎಂಟನೇ ವಾರ ದೊಡ್ಡಣ್ಣ ಮೊದಲ ಬಾರಿಗೆ ತಮ್ಮನ ಮೇಲೆ ಕೈ ಎತ್ತಿದ. ಮುಂದೆ ಕೂತಿದ್ದ ಮುದುಕಿಯೊಬ್ಬಳು ಎದ್ದು ನಿಂತು, “ಬ್ಯಾಡ ಕಣಪ್ಪಾ, ಒಡಹುಟ್ಟಿದೋನು ಕಣಪ್ಪಾ,” ಎಂದು ಕೂಗಿದಳು. ಕರಿಯಪ್ಪ ಕೈ ಇಳಿಸಿದ. ಹಾಗೆ ಬರೆದಿರಲಿಲ್ಲ. ಹೊಡೆಯಬೇಕೆಂದೇ ಇತ್ತು. ಒಬ್ಬರೂ ಶಿಳ್ಳೆ ಹಾಕಲಿಲ್ಲ. ಎರಡು ಸಾವಿರ ಜನ ಮೂಗು ಒರೆಸಿಕೊಂಡು ಎದ್ದು ಹೋದರು.

ವಾಪಸು ಬರುವ ಟೆಂಪೋದಲ್ಲಿ ಗಂಗಾಧರಯ್ಯ ಅವನ ಪಕ್ಕ ಕೂತರು. “ನಾನು ಬರೆದದ್ದಕ್ಕಿಂತ ನೀನು ಮಾಡಿದ್ದೇ ಸರಿ ಕಣೋ,” ಎಂದರು. ಅವರ ಬಾಯಲ್ಲಿ ಹೊಗಳಿಕೆ ಬಂದದ್ದು ಕರಿಯಪ್ಪ ಕೇಳಿದ್ದು ಅದೊಂದೇ ಸಲ. ಆವತ್ತಿನಿಂದ ಅವನು ಅವರನ್ನು ‘ಅಯ್ಯನೋರೇ’ ಎಂದು ಕರೆಯತೊಡಗಿದ.

*

ಒಂದೂವರೆಗೆ ಇಂದ್ರೇಶ್ ಬಂದ. ಬಿಳಿ ಕಾರು, ಬಿಳಿ ಶರ್ಟು, ಹಿಂದೆ ಆಳೆತ್ತರದ ಫ್ಲೆಕ್ಸು. ‘ಕುಸ್ತಿ ಕಥಾ ಬ್ರಹ್ಮನಿಗೆ ಭಾವಪೂರ್ಣ ಶ್ರದ್ಧಾಂಜಲಿ.’ ಅದರಲ್ಲಿ ಗಂಗಾಧರಯ್ಯನ ಫೋಟೋ ಅಂಗೈಯಷ್ಟು, ಕೈ ಮುಗಿದು ನಿಂತ ಇಂದ್ರೇಶನದು ಆಳಿನಷ್ಟು. ಜೊತೆಯಲ್ಲಿ ಮದುವೆ ವಿಡಿಯೋ ತೆಗೆಯುವ ಸಂತೋಷ್, ನಲವತ್ತರ ಗಡ್ಡದವನು, ಫೋನನ್ನು ಕೋಲಿಗೆ ಸಿಕ್ಕಿಸಿಕೊಂಡು ಆಗಲೇ ಶೂಟ್ ಮಾಡುತ್ತಿದ್ದ.

“ಕಂಪನಿ ಮತ್ತೆ ಶುರು ಮಾಡ್ತಿದೀನಿ, ಯೂಟ್ಯೂಬಲ್ಲಿ,” ಎಂದು ಇಂದ್ರೇಶ್ ಅರುಣಾಗೆ ಹೇಳಿದ. “ಮೊದಲನೇ ಎಪಿಸೋಡು ನಿಮ್ಮ ತಂದೆಯವರದ್ದೇ. ಹಾರ ಹಾಕೋದು, ಮೆರವಣಿಗೆ, ಮಣ್ಣು. ಗೌರವವಾಗಿ ಮಾಡ್ತೀವಿ.”

“ಅಪ್ಪ ನಿಮ್ಮ ಕಂಪನಿ ಮುಖಕ್ಕೆ ಉಗಿದು ಬಂದೋರು.”

“ಅದೇ ಕಣಮ್ಮ ಬೇಕಾಗಿರೋದು. ಅದೇ ಕಥೆ.”

ಬೇಲೂರಿನಿಂದ ರವಿಕುಮಾರ್ ಬಂದಿದ್ದ. ಈಗ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಹೆಣದ ಕಾಲಿಗೆ ನಮಸ್ಕಾರ ಮಾಡಿ, ಗೇಟಿನ ಹತ್ತಿರ ಕರಿಯಪ್ಪನಿಂದ ನಾಲ್ಕು ಹೆಜ್ಜೆ ದೂರ ನಿಂತುಕೊಂಡ.

“ಅಣ್ಣಾ,” ಎಂದ. ಆಟದಲ್ಲಿ ಕರೆದು ರೂಢಿಯಾದದ್ದು.

ಕರಿಯಪ್ಪ ಬಾಯಲ್ಲಿದ್ದ ಎಲೆಯಡಿಕೆಯನ್ನು ಇನ್ನೊಂದು ದವಡೆಗೆ ಸರಿಸಿದ.

“ಹಳೇಬೀಡಿನ ಆ ಚೀಟಿ ನಂಗೆ ಇಂದ್ರೇಶಣ್ಣ ಕೊಟ್ಟಿದ್ದು. ಎಷ್ಟು ಸಲ ಹೇಳ್ಲಿ? ಆಟದ ಮಾತು ಅಂದ್ಕೊಂಡು ಓದಿಬಿಟ್ಟೆ.”

“ಗೊತ್ತು ಕಣ್ಲಾ. ಕೊಟ್ಟೋನು ಯಾರು ಅಂತಲೂ ಗೊತ್ತು, ಬರೆದೋನು ಯಾರು ಅಂತಲೂ ಗೊತ್ತು.”

“ಬರ್ದಿದ್ದೂ ಅವನೇ. ಗಂಗಾಧರಯ್ಯ ಸರ್ ಮರುದಿನಾನೇ ಕಂಪನಿ ಬಿಟ್ರಲ್ಲ.”

ಕರಿಯಪ್ಪ ಎಲೆಯಡಿಕೆ ಉಗುಳಿ ಬಾಯಿ ಒರೆಸಿಕೊಂಡ. ಅಷ್ಟು ವರ್ಷ ಅವನು ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಹೇಳಬೇಕಾದರೆ ಹೆಂಡತಿಯ ಹೆಸರನ್ನು ಮತ್ತೊಮ್ಮೆ ಜನರ ಬಾಯಿಗೆ ಕೊಡಬೇಕಾಗಿತ್ತು.

*

ಮೂರನೇ ವರ್ಷದ ಹೊತ್ತಿಗೆ ಕಂಪನಿಗೆ ಜನ ಹುಚ್ಚು ಹಿಡಿದವರಂತೆ ಬರುತ್ತಿದ್ದರು. ವಾರಕ್ಕೊಂದು ಇದ್ದ ಆಟ ಮೂರಾಯಿತು. ಕಥೆಗೆ ಪುರುಸೊತ್ತು ಸಿಗಲಿಲ್ಲ. ಟ್ಯೂಬ್‌ಲೈಟು ಬಂತು, ಮುಳ್ಳುತಂತಿ ಬಂತು, ಮುಖವಾಡ ಬಂತು. ಸೋಮವಾರ ಅಣ್ಣನಿಗೆ ಮೋಸ ಮಾಡಿದವನು ಬುಧವಾರ ತಬ್ಬಿಕೊಂಡು ಅಳುತ್ತಿದ್ದ, ಶನಿವಾರ ಮತ್ತೆ ಕುರ್ಚಿ ಎತ್ತುತ್ತಿದ್ದ. ಒಬ್ಬನನ್ನು ಬಾವಿಗೆ ತಳ್ಳಿ ಕೊಂದರು. ಹದಿನೈದು ದಿನಕ್ಕೆ ಅವನು ತನ್ನ ಅವಳಿ ತಮ್ಮನಾಗಿ ಬಂದ. ಟಿವಿಯ ಕುಸ್ತಿಯೂ ಅಷ್ಟೊತ್ತಿಗೆ ಹಾಗೇ ಆಗಿದೆಯೆಂದು ಗಂಗಾಧರಯ್ಯ ಹೇಳುತ್ತಿದ್ದರು. ಮೊದಲು ಭಾಷೆ ಬಾರದವನಿಗೂ ತಿಳಿಯುತ್ತಿತ್ತು, ಈಗ ಭಾಷೆ ಬಂದವನಿಗೂ ತಿಳಿಯಲ್ಲ.

“ಸತ್ತೋನು ವಾಪಸು ಬಂದ್ರೆ, ಮುಂದೆ ಸಾಯೋನಿಗೆ ಯಾರಯ್ಯ ಅಳ್ತಾರೆ?”

“ಅಳೋದ್ಯಾಕೆ ಅಯ್ಯನೋರೇ? ಶಿಳ್ಳೆ ಹಾಕ್ತಾರಲ್ಲ,” ಎನ್ನುತ್ತಿದ್ದ ಇಂದ್ರೇಶ್.

ಅವರು ಬಯ್ಯುತ್ತಲೇ ಬರೆದುಕೊಟ್ಟರು. ಇಂದ್ರೇಶನನ್ನು ಬಯ್ದರು, ಆಳುಗಳನ್ನು ಬಯ್ದರು, ಜನರನ್ನು ‘ದನಗಳು’ ಎಂದರು. ಬರೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಆ ಮಾಗಿಯಲ್ಲಿ ಕರಿಯಪ್ಪನ ಹೆಂಡತಿ ಮೀನಾಕ್ಷಿಗೆ ಏಳು ತಿಂಗಳ ಕೂಸು ಹೊಟ್ಟೆಯಲ್ಲೇ ಹೋಯಿತು. ಅವನು ಆಗ ಕಂಪನಿಯ ಜೊತೆ ಊರೂರು ತಿರುಗುತ್ತಿದ್ದ. ಅವಳು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ತವರಿಗೆ ಹೋಗಿ ಮೂರು ತಿಂಗಳಾದರೂ ಬರಲಿಲ್ಲ. ಕರಿಯಪ್ಪ ಒಂದು ಮಧ್ಯಾಹ್ನ ಹೊಂಗೆ ಮರದಡಿಯ ಮೇಜಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಕಾಗದ ಬರೆಸಿದ. ಅಕ್ಷರ ಕೂಡಿಸಿ ಓದುವಷ್ಟು ಮಾತ್ರ ಅವನಿಗೆ ಬರುತ್ತಿತ್ತು.

“ನೀನು ಬಸ್ತಿಹಳ್ಳೀಲಿ ಯಾರ ಮನೇಲಿದೀಯ ಅಂತ ಜನ ಕೇಳ್ತಾರೆ ಅಂತ ಬರೀರಿ. ತಾಯಿ ಮನೇಲಿ ಅಂತ ಹೇಳ್ತೀನಿ. ಎಷ್ಟು ದಿನ ಅಂತ ಹೇಳ್ಲಿ? ಕೂಸು ಹೋಗಿದ್ದಕ್ಕೆ ನಾನೂ ಅತ್ತಿದೀನಿ ಅಂತ ಬರೀರಿ. ಬಾ ಅಂತ ಬರೀರಿ.”

ಗಂಗಾಧರಯ್ಯ ಬರೆದರು. ಮುತ್ತಿನ ಅಕ್ಷರ.

ಒಂಬತ್ತನೇ ದಿನ ಹಳೇಬೀಡಿನಲ್ಲಿ ಆಟ. ಸಂಜೆಯ ಬಿಸಿಲು ಇನ್ನೂ ಇತ್ತು. ಐದು ಸಾವಿರ ಜನ. ಬಸ್ತಿಹಳ್ಳಿಯವರು ಮುಂದೆ ಕೂತಿದ್ದರು, ಮೀನಾಕ್ಷಿಯ ಅಣ್ಣನೂ ಇದ್ದ. ಚಿಕ್ಕಣ್ಣ ಮೈಕು ಹಿಡಿದು ಚೀಟಿಯಲ್ಲಿದ್ದದ್ದನ್ನು ಹೇಳಿದ.

“ಏನಣ್ಣಾ, ಬಸ್ತಿಹಳ್ಳೀಲಿ ನಿನ್ನ ಹೆಂಡ್ತಿ ಮೀನಾಕ್ಷಿ ಯಾರ ಮನೇಲವ್ಳೆ? ಜನ ಕೇಳ್ತಾರೆ. ಏನಂತ ಹೇಳ್ಲಿ?”

ಕರಿಯಪ್ಪ ಹೊಡೆದ. ಆ ನಾಲ್ಕು ವರ್ಷದಲ್ಲಿ ಅವನು ನಿಜವಾಗಿ ಹೊಡೆದ ಒಂದೇ ಏಟು ಅದು. ರವಿಕುಮಾರ್ ಬಿದ್ದವನು ಏಳಲಿಲ್ಲ. ಐದು ಸಾವಿರ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಂಪನಿಗೆ ಅಷ್ಟು ದೊಡ್ಡ ಚಪ್ಪಾಳೆ ಮೊದಲು ಬಿದ್ದಿರಲಿಲ್ಲ, ಆಮೇಲೂ ಬೀಳಲಿಲ್ಲ.

ಮರುದಿನ ಗಂಗಾಧರಯ್ಯ ಹೋಟೆಲಿನಲ್ಲಿ ಎಲ್ಲರ ಮುಂದೆ, “ಮನುಷ್ಯರ ಮನೆಯೊಳಕ್ಕೆ ಕೈ ಹಾಕೋ ಕಂಪನಿ ನನಗೆ ಬೇಡ,” ಎಂದು ಹೇಳಿ ಬಿಟ್ಟುಬಿಟ್ಟರು. ಊರು ಅವರನ್ನು ದೊಡ್ಡ ಮನುಷ್ಯ ಎಂದಿತು. ಇಂದ್ರೇಶ್ ಅಲ್ಲಗಳೆಯಲಿಲ್ಲ, ಚಪ್ಪಾಳೆ ತನ್ನದೇ ಎಂದುಕೊಂಡವನು ಬೈಗುಳವನ್ನೂ ಇಟ್ಟುಕೊಂಡ. ವರ್ಷ ತುಂಬುವುದರೊಳಗೆ ಕಂಪನಿ ಮುಚ್ಚಿತು. ನಿಜವಾದ ಏಟು ನೋಡಿದ ಜನಕ್ಕೆ ಆಮೇಲೆ ಯಾವ ಆಟವೂ ಹಿಡಿಸಲಿಲ್ಲ.

ಆ ವಾರವೇ ಕರಿಯಪ್ಪನ ಕಾಗದ ಅಂಚೆಯಲ್ಲಿ ವಾಪಸು ಬಂತು. ಮುತ್ತಿನ ಅಕ್ಷರದ ಕೆಳಗೆ ಮೀನಾಕ್ಷಿಯ ಕೋಳಿಕಾಲಿನ ಅಕ್ಷರ. ಅವನು ಒಂದೊಂದೇ ಕೂಡಿಸಿಕೊಂಡು ಓದಿದ. ‘ನೀನು ಕಾಗದದ ಮಾತನ್ನೇ ಮೈಕಿನಲ್ಲಿ ಆಡಿಸಿದೆ. ನಾನು ಬರಲು ಸೀರೆ ಮಡಚಿಟ್ಟಿದ್ದೆ.’

ಅವನು ಬಸ್ತಿಹಳ್ಳಿಗೆ ಮೂರು ಸಲ ಹೋದ. ಅವಳ ಅಣ್ಣ ಬಾಗಿಲು ತೆರೆಯಲಿಲ್ಲ. ಮರುವರ್ಷ ಅವಳನ್ನು ತಿಪಟೂರಿನ ಕಡೆ ಎರಡನೇ ಸಂಬಂಧಕ್ಕೆ ಕೊಟ್ಟರೆಂದು ಸುದ್ದಿ ಬಂತು.

*

ಮಣ್ಣಿನ ಜಾಗದಲ್ಲಿ ಎದೆಮಟ್ಟದ ಗುಂಡಿ ತೋಡಿ, ಒಂದು ಮಗ್ಗುಲಿಗೆ ಕೂರಿಸುವ ಗೂಡು ಕೊರೆದಿದ್ದರು. ಹೆಣವನ್ನು ಇಳಿಸಿದರು. ಬಿಸಿನೀರಿಗೆ ಸಡಿಲವಾಗಿದ್ದ ಕತ್ತು ಈಗ ನಿಲ್ಲಲಿಲ್ಲ. ಗೂಡಿಗೆ ಒರಗಿಸಿದರೆ ಎದೆಯ ಮೇಲೆ ಬೀಳುತ್ತಿತ್ತು. ಸ್ವಾಮಿಗಳು ಮಂತ್ರ ನಿಲ್ಲಿಸಿದರು. ಕುಮಾರಸ್ವಾಮಿ ಸುತ್ತ ನೋಡಿ, ಗಂಟಲು ಸರಿಮಾಡಿಕೊಂಡು, “ಕರಿಯಪ್ಪಾ, ಸ್ವಲ್ಪ ಇಳೀತೀಯಾ?” ಎಂದರು. ಕರಿಯಪ್ಪ ಇಳಿದ. ಒಂದು ಕೈಯನ್ನು ದವಡೆಯ ಕೆಳಗೆ, ಇನ್ನೊಂದನ್ನು ಹಿಂದಲೆಗೆ ಕೊಟ್ಟು ಹಿಡಿದ. ಸ್ವಾಮಿಗಳು ಮಂತ್ರ ಮುಗಿಸಿದರು.

ಆ ಬಿಡುವಿನಲ್ಲಿ ಇಂದ್ರೇಶ್ ಮುಂದೆ ಬಂದ. ಸಂತೋಷ್ ಕೋಲು ಎತ್ತಿದ.

“ಬಂಧುಗಳೇ, ಅಯ್ಯನೋರಿಗೂ ನನಗೂ ಒಂದು ಮಾತಿನಿಂದ ಮನಸ್ತಾಪ ಬಂತು. ಹಳೇಬೀಡಿನಲ್ಲಿ ಆಡಿದ ಆ ಮಾತು ನಂದೇ. ಇವತ್ತು ಈ ಮಣ್ಣಿನ ಮುಂದೆ ಒಪ್ಕೋತೀನಿ. ತಪ್ಪಾಯ್ತು. ಆದ್ರೆ ಐದು ಸಾವಿರ ಜನ ಎದ್ದು ನಿಂತರಲ್ಲ, ಅದೂ ನಂದೇ. ಅಂಥ ಒಂದು ಸಾಲು ಬರೆಯೋಕೆ...”

“ಅದು ನಿಂದಲ್ಲ ಇಂದ್ರೇಶ,” ಎಂದರು ಶಿವಗಂಗಮ್ಮ. “ನಿಂಗೆ ಅಷ್ಟು ಬರಲ್ಲ.”

ಅವರು ದನಿ ಏರಿಸಿರಲಿಲ್ಲ. ಆದರೂ ಎಲ್ಲರಿಗೂ ಕೇಳಿಸಿತು.

“ಅತ್ತಿಗೆ, ಈಗ ಇದೆಲ್ಲ ಯಾಕೆ?” ಎಂದರು ಕುಮಾರಸ್ವಾಮಿ.

“ಇವರೇ ಬರೆದಿದ್ದು. ನಮ್ಮನೆ ನಡುಮನೇಲಿ ಕೂತು ಬರೆದು, ನನಗೆ ಓದಿ ಹೇಳಿದ್ರು. ಬೇಡ ಕಣ್ರೀ, ನಂಬಿ ಕಾಗದ ಬರೆಸಿದೋನು, ಹೊಡೆದುಹಾಕಿ ಅಂದೆ. ‘ಈ ದನಗಳು ಒಂದ್ಸಲ ನಿಜವಾದ ಸಿಟ್ಟು ಅಂದ್ರೇನು ಅಂತ ನೋಡ್ಲಿ’ ಅಂದ್ರು. ಮರುದಿನ ದೊಡ್ಡ ಮನುಷ್ಯ ಆದ್ರು. ಇಪ್ಪತ್ತೊಂದು ವರ್ಷ ಆ ಹೆಸರಲ್ಲಿ ನಾನೂ ಬದುಕಿದೆ, ಸುಮ್ನಿದ್ದೆ. ಇವತ್ತು ಅದನ್ನ ನೀನು ನಂದು ಅಂತ ಮೆರೀತಿದೀಯಲ್ಲ, ಅದನ್ನೂ ಕೇಳ್ಕೊಂಡು ನಿಲ್ಲಕ್ಕೆ ನನಗಾಗಲ್ಲ.”

“ಅಮ್ಮಾ,” ಎಂದಳು ಅರುಣಾ. ಅವಳ ಕೈಯಲ್ಲಿ ವಿಭೂತಿ ಗಟ್ಟಿಗಳ ಬುಟ್ಟಿ ಇತ್ತು. “ಅಮ್ಮಾ, ಅಪ್ಪ ಹಾಗೆ...”

“ಹಾಗೇ ಕಣೇ.”

ರವಿಕುಮಾರ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಜನ ಒಬ್ಬರನ್ನೊಬ್ಬರು ನೋಡಿಕೊಳ್ಳಲಿಲ್ಲ. ಎಲ್ಲರಿಗೂ ಒಟ್ಟಿಗೆ ನೆನಪಾದದ್ದು ಗುಂಡಿಯೊಳಗಿದ್ದ ಕರಿಯಪ್ಪ. ನಾಲ್ಕೂ ಕಡೆಯಿಂದ ಅಂಚಿಗೆ ಬಂದು ಬಗ್ಗಿದರು. ಹಿಂದಿದ್ದವರು ಮುಂದಿದ್ದವರ ಹೆಗಲ ಮೇಲೆ ಕೈಯಿಟ್ಟು ಇಣುಕಿದರು. ಸಂತೋಷ್ ಕೋಲನ್ನು ಉದ್ದ ಮಾಡಿ ಫೋನನ್ನು ಗುಂಡಿಯ ಮೇಲೆ ತೂಗಿಬಿಟ್ಟ.

ಕರಿಯಪ್ಪನ ಅಂಗೈಯಲ್ಲಿ ಆ ದವಡೆ ಇತ್ತು. ಬಿಳಿ ಗಡ್ಡದ ಮೊನೆಗಳು ಚುಚ್ಚುತ್ತಿದ್ದವು. ಅವನು ಬೆಳಗಿನಿಂದ ನೋಡದಿದ್ದ ಮುಖವನ್ನು ಈಗ ನೋಡಿದ. ಬಹಳ ಹತ್ತಿರದಿಂದ, ಬಹಳ ಹೊತ್ತು ನೋಡಿದ. ಯಾರಿಗೂ ಬಿಡಿಸಿ ಹೇಳಲಾಗದೆ ಹೊತ್ತು ತಿರುಗಿದ್ದನ್ನು ಇನ್ನೊಬ್ಬರು ಮೂರು ಮಾತಿನಲ್ಲಿ ಹೇಳಿ ಮುಗಿಸಿದ್ದರು. ಕೇಳಬೇಕಾದವಳು ಮಾತ್ರ ಈ ಗುಂಪಿನಲ್ಲಿರಲಿಲ್ಲ. ಅವನ ಕುತ್ತಿಗೆಯ ನರ ಉಬ್ಬಿದ್ದು ಮೇಲಿನವರಿಗೂ ಕಂಡಿತು. ಯಾರೋ ಉಸಿರು ಎಳೆದುಕೊಂಡರು.

“ವಿಭೂತಿ ಕೊಡಿ,” ಎಂದ.

ಯಾರೂ ಅಲುಗಲಿಲ್ಲ.

“ಕತ್ತು ನಿಲ್ತಿಲ್ಲ. ಸುತ್ತ ತುಂಬಬೇಕು. ವಿಭೂತಿ ಕೊಡ್ರೋ.”

ಅರುಣಾ ಅಂಚಿನಲ್ಲಿ ಮಂಡಿಯೂರಿ ಒಂದೊಂದೇ ಗಟ್ಟಿಯನ್ನು ಕೆಳಗೆ ಕೊಟ್ಟಳು. ಕೆಲವು ಅವಳ ಕೈಯಿಂದ ಜಾರಿ ಬಿದ್ದವು. ಕರಿಯಪ್ಪ ಬಿದ್ದವನ್ನೂ ಹೆಕ್ಕಿ, ಮೇಲಿನಿಂದ ಸುರಿದಿದ್ದ ಪತ್ರೆಯ ಜೊತೆ ಹೆಗಲ ಸಂದಿಗೆ ಸೇರಿಸಿದ.

ಇಂದ್ರೇಶ್ ಹಿಂದಿನಿಂದ ಸಂತೋಷನ ಕಿವಿಗೆ ಬಾಯಿಟ್ಟ. “ಏನಾದ್ರೂ ಅಂದ್ನಾ?”

“ಇಲ್ಲಣ್ಣ. ವಿಭೂತಿ ಕೇಳ್ದ.”

“ಮಾಡಿದ್ದೇನಾದ್ರೂ?”

“ಏನೂ ಇಲ್ಲ.”

“ನಿಲ್ಸು ಹಂಗಾದ್ರೆ. ಬ್ಯಾಟರಿ ದಂಡ.”

ಕೋಲು ಹಿಂದಕ್ಕೆ ಸರಿಯಿತು. ಅಂಚಿನಲ್ಲಿ ಬಗ್ಗಿದ್ದವರು ಒಬ್ಬೊಬ್ಬರಾಗಿ ನೆಟ್ಟಗಾದರು, ಸೊಂಟ ನೀವಿಕೊಂಡರು, ಟೋಪಿ ಸರಿಮಾಡಿಕೊಂಡರು. ಯಾರೋ ವಾಪಸು ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದರು. ಗುಂಡಿಯೊಳಗೆ ಮಂಡಿಯವರೆಗೆ ಬಿಲ್ವಪತ್ರೆಯಲ್ಲಿ ಹೂತು ಬಗ್ಗಿ ನಿಂತಿದ್ದ ಕರಿಯಪ್ಪ, ಒಂದು ಕೈಯಲ್ಲಿ ಇನ್ನೂ ಆ ದವಡೆಯನ್ನು ಎತ್ತಿ ಹಿಡಿದು, ಇನ್ನೊಂದು ಕೈಯನ್ನು ತಲೆಯ ಮೇಲೆ ಚಾಚಿ, ಕೊನೆಯ ಗಟ್ಟಿಗಾಗಿ ಕಾಯುತ್ತಿದ್ದ.